ಯುದ್ಧಕಾಲದ ನಿರಾಶ್ರಿತನ ಕಾದಂಬರಿ: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿ ಹೊರಬಂದ ಮೇಲೆ ಕಾರವಾರ, ಅಂಕೋಲಾ, ಕುಮಟಾ ಮತ್ತು ಶಿರಸಿಯ ಓದುಗರೊಡನೆ ನಡೆದ ಮಾತುಕತೆಗಳಲ್ಲೂ ಅಂಚೆಯಲ್ಲಿ ಬಂದ ಪತ್ರಗಳಲ್ಲೂ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾದವು. ಅವನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಕಥೆಯ ತಿರುವುಗಳನ್ನು ಮುಂಚಿತವಾಗಿ ತಿಳಿಯಲು ಬಯಸದವರು ಮೊದಲ ಭಾಗವನ್ನಷ್ಟೇ ಓದಿ, ಉಳಿದದ್ದನ್ನು ಪುಸ್ತಕ ಮುಗಿಸಿದ ಮೇಲೆ ನೋಡುವುದು ಒಳ್ಳೆಯದು.

## ಓದುವ ಮೊದಲು

ಇದು ಪತ್ತೇದಾರಿ ಕಾದಂಬರಿಯೋ, ಇತಿಹಾಸದ ಪುಸ್ತಕವೋ? ಅಂಗಡಿಯವರಿಗೂ ಹೇಳಲಾಗಲಿಲ್ಲ.

ಇದು ರಾಜಕೀಯ ಥ್ರಿಲ್ಲರ್. ಪತ್ತೇದಾರಿ ಕಥೆಯಲ್ಲಿ ಒಂದು ಅಪರಾಧ ನಡೆದಿರುತ್ತದೆ ಮತ್ತು ಅದನ್ನು ಮಾಡಿದವರು ಯಾರೆಂಬ ಹುಡುಕಾಟ ನಡೆಯುತ್ತದೆ. ಇಲ್ಲಿ ಅಪರಾಧವೇ ನಡೆದಿಲ್ಲ. ಆದರೂ ಒಬ್ಬ ಮನುಷ್ಯನನ್ನು ಮೂರು ಕಡೆಯವರು ಹುಡುಕುತ್ತಿದ್ದಾರೆ. ವಿಯೆನ್ನಾದ ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುತ್ತಿದ್ದ ಯಹೂದಿಯೊಬ್ಬ 1939ರಲ್ಲಿ ಹಡಗು ಹತ್ತಿ ಮುಂಬೈಗೆ ಬರುತ್ತಾನೆ, ಅಲ್ಲಿ ಬಂಧನ ಮತ್ತು ಬಿಡುಗಡೆ ಎರಡನ್ನೂ ಕಂಡು, 1942ರ ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರ ತಲುಪುತ್ತಾನೆ. ಬ್ರಿಟಿಷ್ ಪೊಲೀಸರಿಗೆ ಅವನು ಗೂಢಚಾರನೆಂಬ ಗುಮಾನಿ. ಚಲೇಜಾವ್ ಚಳವಳಿಯ ಭೂಗತ ಕಾರ್ಯಕರ್ತರಿಗೆ ಅವನ ಕೈಯ ಕಸುಬು ಬೇಕು. ಗೋವಾದಲ್ಲಿ ಸಿಕ್ಕಿಕೊಂಡಿರುವ ಜರ್ಮನರಿಗೆ ಅವನ ಬಳಿ ಇರುವ ಕಾಗದಗಳು ಬೇಕು. ಈ ಮೂವರ ನಡುವೆ ಅವನು ಒಂದು ವರ್ಷ ಬದುಕುವುದೇ ಕಥೆ.

ಇದೆಲ್ಲ ನಿಜವಾಗಿ ನಡೆದದ್ದೇ?

ನಾಯಕ, ಅವನಿಗೆ ಆಶ್ರಯ ಕೊಟ್ಟವರು, ಅವನ ಬೆನ್ನು ಹತ್ತಿದ ಇನ್ಸ್‌ಪೆಕ್ಟರ್, ಪೊಲೀಸರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವ ಬೈತಕೋಲದ ಖಬರಿ, ಇವರೆಲ್ಲ ಕಲ್ಪಿತ ಪಾತ್ರಗಳು. ಇವರ ಸುತ್ತ ಇರುವ ಕಾನೂನುಗಳು, ಶಿಬಿರಗಳು, ಹಡಗುಗಳು ಮತ್ತು ಗಡಿ ನಿಜವಾದವು. ಕಾನೂನು ಮತ್ತು ತಾರೀಖುಗಳ ವಿಷಯದಲ್ಲಿ ಕಲ್ಪನೆಗೆ ಜಾಗ ಕೊಡಬಾರದೆಂಬ ನಿಯಮವನ್ನು ಬರೆಯುವಾಗ ಇಟ್ಟುಕೊಂಡಿದ್ದೆ, ಏಕೆಂದರೆ ಈ ಕಥೆಯಲ್ಲಿ ಅತ್ಯಂತ ಭಯಾನಕವಾದ ಸಂಗತಿಗಳು ಸರ್ಕಾರಿ ಆದೇಶಗಳ ಒಳಗೇ ಇವೆ, ಅವುಗಳಿಗೆ ನಾನು ಬಣ್ಣ ಹಚ್ಚುವ ಅಗತ್ಯವಿರಲಿಲ್ಲ.

ಆ ಕಾಲದ ಕಾರವಾರ ಗೊತ್ತಿಲ್ಲದವರಿಗೆ ಕಥೆ ಅರ್ಥವಾಗುತ್ತದೆಯೇ?

ಅರ್ಥವಾಗುತ್ತದೆ, ಇಷ್ಟು ನೆನಪಿಟ್ಟುಕೊಂಡರೆ ಸಾಕು. 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡ 1956ರ ತನಕ ಮುಂಬೈಯ ಆಡಳಿತದಲ್ಲೇ ಇತ್ತು. ಮಾಜಾಳಿಯ ಆಚೆಗೆ ಪೋರ್ಚುಗೀಸರ ಗೋವಾ, ಅದು 1961ರ ಡಿಸೆಂಬರ್‌ವರೆಗೆ ಬೇರೆಯೇ ದೇಶದ ಆಳ್ವಿಕೆಯ ನೆಲ. ಕಾಳಿ ನದಿಗೆ ಸೇತುವೆ ಇರಲಿಲ್ಲ. ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿ ದಾಟಬೇಕಿತ್ತು. ಮುಂಬೈಯಿಂದ ಬರುವವರು ಆಗಬೋಟಿನಲ್ಲಿ ಬರುತ್ತಿದ್ದರು, ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ತಲೆಮರೆಸಿಕೊಂಡವನಿಗೆ ಕರಾವಳಿ ಅತಿ ಸುರಕ್ಷಿತವೂ ಹೌದು, ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದ ಜಾಗವೂ ಹೌದು. ಕಾದಂಬರಿಯ ನಡುಭಾಗ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

## ನಾಯಕನ ಕುರಿತು

ಹಿಟ್ಲರನಿಂದ ತಪ್ಪಿಸಿಕೊಂಡು ಬಂದವನನ್ನೇ ಬ್ರಿಟಿಷರು ಜೈಲಿಗೆ ಹಾಕುವುದು ಅತಿಯಾಯಿತಲ್ಲವೇ? ಇದನ್ನು ನಂಬುವುದು ಕಷ್ಟ.

ಅತಿ ಹೆಚ್ಚು ಬಂದ ಪ್ರಶ್ನೆ ಇದೇ, ಮತ್ತು ಇದರಲ್ಲಿರುವ ಸಿಟ್ಟು ನನಗೆ ಪ್ರಿಯವಾದದ್ದು. ಆದರೆ ಇದು ನಡೆದ ಸಂಗತಿ. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದಾಗ ಭಾರತದಲ್ಲಿದ್ದ ಜರ್ಮನ್ ಮತ್ತು ಆಸ್ಟ್ರಿಯನ್ ಗಂಡಸರನ್ನು ಶತ್ರುದೇಶದ ಪ್ರಜೆಗಳೆಂದು ಹಿಡಿದು ಅಹಮದ್‌ನಗರಕ್ಕೆ ಒಯ್ಯಲಾಯಿತು. ಅವರಲ್ಲಿ ನಾಜಿ ಪಕ್ಷದ ಸದಸ್ಯರೂ ಇದ್ದರು, ಅದೇ ನಾಜಿಗಳಿಂದ ಮನೆಮಠ ಕಳೆದುಕೊಂಡು ಬಂದ ಯಹೂದಿಗಳೂ ಇದ್ದರು. ಎಷ್ಟೋ ಯಹೂದಿಗಳು ವಿಚಾರಣೆಯ ನಂತರ ಬಿಡುಗಡೆಯಾದರು. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಸಂಶಯ ಮತ್ತೆ ಬಿಗಿಯಾಗಿ ಕೆಲವರು ಪುನಃ ಒಳಗೆ ಹೋದರು. ಡೆಹ್ರಾಡೂನ್, ಪುರಂದರ ಮತ್ತು ಸಾತಾರಾದ ಶಿಬಿರಗಳು ಈ ಕಥೆಯ ಮುಂದುವರಿಕೆ. ಇಂಗ್ಲೆಂಡಿನಲ್ಲೂ ಹೀಗೆಯೇ ಆಯಿತು: 1940ರಲ್ಲಿ ಡುನೇರಾ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಲ್ಪಟ್ಟ ಬಂದಿಗಳಲ್ಲಿ ಬಹುಪಾಲು ಜನ ಯಹೂದಿ ನಿರಾಶ್ರಿತರಾಗಿದ್ದರು.

ಇದಕ್ಕೆ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿ. ಸೋವಿಯತ್ ನೆಲದಿಂದ ಇರಾನಿನ ಮೂಲಕ ಬಂದ ಪೋಲಿಷ್ ನಿರಾಶ್ರಿತರಿಗೆ ಇದೇ ಭಾರತದಲ್ಲಿ ಬಾಗಿಲು ತೆರೆಯಿತು. 1942ರಲ್ಲಿ ಜಾಮ್‌ನಗರದ ಮಹಾರಾಜರು ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ನೆಲೆ ಕೊಟ್ಟರು. 1943ರಿಂದ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಸುಮಾರು 5,000 ಪೋಲಿಷರ ಊರೇ ಎದ್ದಿತು. ಪೋಲೆಂಡ್ ಮಿತ್ರರಾಷ್ಟ್ರ, ಆದ್ದರಿಂದ ಪೋಲಿಷ್ ಹೆಂಗಸು ಅತಿಥಿ. ಆಸ್ಟ್ರಿಯಾ 1938ರ ಮಾರ್ಚ್‌ನಲ್ಲೇ ಜರ್ಮನಿಯೊಳಗೆ ಸೇರಿಹೋಗಿತ್ತು, ಆದ್ದರಿಂದ ವಿಯೆನ್ನಾದ ಯಹೂದಿ ಶತ್ರು. ಇಬ್ಬರೂ ಓಡಿಬಂದದ್ದು ಸರಿಸುಮಾರು ಒಂದೇ ಕಾರಣಕ್ಕೆ, ಅಂದರೆ ಹಿಂದಿರುಗಿದರೆ ಸಾವು ಎಂಬ ಕಾರಣಕ್ಕೆ. ನಾಯಕ ಕೊಲ್ಹಾಪುರದ ದಾರಿಯಲ್ಲಿ ಪೋಲಿಷ್ ಮಕ್ಕಳ ಗುಂಪನ್ನು ನೋಡುವ ದೃಶ್ಯ ಅನಗತ್ಯವೆಂದು ಕೆಲವರು ಬರೆದಿದ್ದಾರೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ತೆಗೆಯಲಾಗದ ದೃಶ್ಯವೆಂದರೆ ಅದೊಂದೇ.

ಒಬ್ಬ ಮನುಷ್ಯನಿಗೆ ಮೂರು ಹೆಸರು ಯಾಕೆ? ನೂರು ಪುಟದ ತನಕ ಇವರು ಮೂರು ಜನ ಅಂದುಕೊಂಡಿದ್ದೆ.

ಮೊದಲನೆಯದು ತಂದೆತಾಯಿ ಇಟ್ಟದ್ದು. ಎರಡನೆಯದು ಜರ್ಮನ್ ಸರ್ಕಾರ ಸೇರಿಸಿದ್ದು: 1939ರ ಜನವರಿ 1ರಿಂದ, ಹೆಸರಿನಲ್ಲೇ ಯಹೂದಿ ಗುರುತು ಕಾಣಿಸದ ಗಂಡಸರು ಇಸ್ರೇಲ್ ಎಂದೂ ಹೆಂಗಸರು ಸಾರಾ ಎಂದೂ ಸೇರಿಸಿಕೊಳ್ಳಬೇಕೆಂಬ ಕಡ್ಡಾಯವಿತ್ತು, ಪಾಸ್‌ಪೋರ್ಟಿನ ಮೇಲೆ ಕೆಂಪು ಜೆ ಅಕ್ಷರದ ಮುದ್ರೆಯೂ ಬೀಳುತ್ತಿತ್ತು. ಮೂರನೆಯದು ಮುಂಬೈಯ ಗುಮಾಸ್ತ ತನಗೆ ಕೇಳಿಸಿದಂತೆ ಬರೆದುಕೊಂಡದ್ದು. ಕಡತಗಳಲ್ಲಿ ಮೂರು ಹೆಸರು ಕಂಡ ಇನ್ಸ್‌ಪೆಕ್ಟರಿಗೆ ಇವನು ಗೂಢಚಾರನೆನ್ನಲು ಅದೇ ಪುರಾವೆಯಾಗುತ್ತದೆ. ಓದುಗರೂ ಸ್ವಲ್ಪ ಹೊತ್ತು ಇನ್ಸ್‌ಪೆಕ್ಟರನ ಜಾಗದಲ್ಲಿ ನಿಲ್ಲಬೇಕೆಂಬುದು ನನ್ನ ಉದ್ದೇಶವಾಗಿತ್ತು.

ಅವನು ಇಷ್ಟೊಂದು ಸುಳ್ಳು ಹೇಳುತ್ತಾನೆ. ಅವನ ಮೇಲೆ ನಾವು ಯಾಕೆ ಕರುಣೆ ಪಡಬೇಕು?

ಕುಮಟಾದ ನಿವೃತ್ತ ಶಿಕ್ಷಕರೊಬ್ಬರು ಇದನ್ನು ಬಹಳ ಖಡಕ್ಕಾಗಿ ಕೇಳಿದರು. ನಿರಾಶ್ರಿತನೆಂದರೆ ಸಜ್ಜನ, ಕೃತಜ್ಞ, ಕಣ್ಣೀರು ತುಂಬಿದವನು ಎಂದು ನಾವು ಮೊದಲೇ ತೀರ್ಮಾನಿಸಿಕೊಂಡಿರುತ್ತೇವೆ, ಅಂಥವನಲ್ಲದಿದ್ದರೆ ಆಶ್ರಯಕ್ಕೆ ಅರ್ಹನಲ್ಲವೆಂದೂ ಒಳಗೊಳಗೇ ನಿರ್ಧರಿಸಿಬಿಡುತ್ತೇವೆ. ಈ ನಾಯಕ ಕಪಟಿ, ಸಿಡುಕ, ಒಮ್ಮೆ ಕಳ್ಳನೂ ಹೌದು. ಆದರೆ ಅವನ ಸುಳ್ಳುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಪ್ರತಿಯೊಂದೂ ನಿಜ ಹೇಳಿದ್ದಕ್ಕೆ ಶಿಕ್ಷೆಯಾದ ಮರುದಿನ ಹುಟ್ಟಿದ್ದು ಎಂಬುದು ಗೊತ್ತಾಗುತ್ತದೆ. ಮುಂಬೈಯಲ್ಲಿ ತಾನು ವಿಯೆನ್ನಾದವನೆಂದ, ಬಂಧಿಸಿದರು. ಬಿಡುಗಡೆಯ ನಂತರ ತಾನು ಅಚ್ಚುಮೊಳೆ ಜೋಡಿಸುವವನೆಂದ, ನಕಲಿ ಕಾಗದ ತಯಾರಿಸುವವನೆಂದು ಬರೆದುಕೊಂಡರು. ಕಾರವಾರಕ್ಕೆ ಬಂದವನು ತಾನು ಗಡಿಯಾರ ರಿಪೇರಿಯವನೆಂದು ಹೇಳುವುದಕ್ಕೆ ಇದೇ ಕಾರಣ. ಕರುಣೆ ಪಡಿ ಎಂದು ನಾನು ಕೇಳುತ್ತಿಲ್ಲ. ಒಳ್ಳೆಯವನೆಂಬ ಪ್ರಮಾಣಪತ್ರ ತರದಿದ್ದರೂ ಜೀವ ಉಳಿಸಿಕೊಳ್ಳುವ ಹಕ್ಕು ಅವನಿಗೆ ಇದೆಯೇ ಇಲ್ಲವೇ ಎಂಬುದಷ್ಟೇ ನನ್ನ ಕೇಳಿಕೆ.

ಥ್ರಿಲ್ಲರ್ ಅಂತ ಕೊಂಡೆ. ನಡುವೆ ನಲವತ್ತು ಪುಟ ಅರ್ಜಿ, ಠಸ್ಸೆ, ಕಚೇರಿಯ ಬೆಂಚು. ಇಲ್ಲಿ ಥ್ರಿಲ್ ಎಲ್ಲಿದೆ?

ಅದೇ ಪುಟಗಳಲ್ಲಿದೆ. 1939ರ ವಿದೇಶಿಯರ ನೋಂದಣಿ ಕಾಯಿದೆಯಂತೆ ವಿದೇಶಿಯು ತನ್ನ ವಾಸ ಮತ್ತು ಪ್ರಯಾಣವನ್ನು ಅಧಿಕಾರಿಗಳಿಗೆ ವರದಿ ಮಾಡಬೇಕಿತ್ತು. ವರದಿ ಮಾಡಿದರೆ ತಾನೆಲ್ಲಿದ್ದೇನೆಂದು ಹುಡುಕುವವರಿಗೆ ತಿಳಿಯುತ್ತದೆ. ಮಾಡದಿದ್ದರೆ ಅದೇ ಅಪರಾಧವಾಗುತ್ತದೆ. ಇದರ ಮೇಲೆ 1941ರ ನವೆಂಬರ್ 25ರಂದು ಜರ್ಮನಿ ಹೊರದೇಶದಲ್ಲಿದ್ದ ತನ್ನ ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡಿತು. ಅಂದಿನಿಂದ ಅವನು ಜರ್ಮನಿಯ ಲೆಕ್ಕದಲ್ಲಿ ಜರ್ಮನ್ ಅಲ್ಲ, ಆದರೆ ಕಾರವಾರದ ಕಡತದಲ್ಲಿ ಇನ್ನೂ ಶತ್ರು ಜರ್ಮನನೇ. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕೂತು, ಯಾವ ಕಾಲಂನಲ್ಲಿ ಏನು ಬರೆದರೆ ಇವತ್ತು ರಾತ್ರಿ ಹೊರಗೆ ಮಲಗಬಹುದು ಎಂದು ಅವನು ಲೆಕ್ಕ ಹಾಕುವ ಹೊತ್ತಿಗಿಂತ ಹೆಚ್ಚಿನ ಗಂಡಾಂತರವನ್ನು ಪಿಸ್ತೂಲಿನಿಂದ ತರಲು ನನಗೆ ಸಾಧ್ಯವಿರಲಿಲ್ಲ. ಪುಸ್ತಕದಲ್ಲಿ ಗುಂಡು ಹಾರುವುದು ಒಮ್ಮೆ ಮಾತ್ರ, ಅದೂ ದೂರದಲ್ಲಿ.

## ನಮ್ಮ ಕರಾವಳಿಯ ಕುರಿತು

ಮಾರ್ಮಗೋವಾದಲ್ಲಿ ಜರ್ಮನ್ ಹಡಗುಗಳಿದ್ದವು ಅನ್ನುವುದು ಸಿನಿಮಾ ಕಥೆ ಅಲ್ಲವೇ?

ಸಿನಿಮಾದವರೂ ಅದನ್ನು ಬಳಸಿಕೊಂಡಿದ್ದಾರೆ, ಆದರೆ ಮೂಲ ಘಟನೆ ನಿಜ. ಪೋರ್ಚುಗಲ್ ತಟಸ್ಥ ದೇಶವಾಗಿದ್ದುದರಿಂದ ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಜರ್ಮನ್ ಹಡಗುಗಳು ಮತ್ತು ಆನ್‌ಫೋರಾ ಎಂಬ ಇಟಾಲಿಯನ್ ಹಡಗು ಮಾರ್ಮಗೋವಾ ಬಂದರಿನಲ್ಲಿ ಆಶ್ರಯ ಪಡೆದಿದ್ದವು. ಎಹ್ರೆನ್‌ಫೆಲ್ಸ್‌ನ ಗುಪ್ತ ನಿಸ್ತಂತುವಿನಿಂದ ಮಿತ್ರರಾಷ್ಟ್ರಗಳ ಹಡಗುಗಳ ಸುದ್ದಿ ಜಲಾಂತರ್ಗಾಮಿಗಳಿಗೆ ಹೋಗುತ್ತಿದೆಯೆಂದು ಬ್ರಿಟಿಷರು ನಂಬಿದರು. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾದ ಹವ್ಯಾಸಿ ಸೈನಿಕರ ಸಣ್ಣ ತಂಡವೊಂದು ಫೀಬಿ ಎಂಬ ಹೂಳೆತ್ತುವ ದೋಣಿಯಲ್ಲಿ ಬಂದು ದಾಳಿ ಮಾಡಿತು. ಜರ್ಮನ್ ನಾವಿಕರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ತಟಸ್ಥ ಬಂದರಿನೊಳಗೆ ನಡೆದ ಈ ದಾಳಿ ಮೂರು ದಶಕಕ್ಕೂ ಹೆಚ್ಚು ಕಾಲ ಗುಟ್ಟಾಗಿಯೇ ಉಳಿಯಿತು.

ಕಾದಂಬರಿಯಲ್ಲಿ ಈ ದಾಳಿಯನ್ನು ನೇರವಾಗಿ ತೋರಿಸಿಲ್ಲವೆಂದು ನಿರಾಶರಾದವರು ಅನೇಕರಿದ್ದಾರೆ. ಕಾರವಾರದಲ್ಲಿ ಅಡಗಿರುವ ಒಬ್ಬನಿಗೆ ಆ ರಾತ್ರಿಯ ಬಗ್ಗೆ ತಿಳಿಯುವುದು ಬರೀ ಗಾಳಿಸುದ್ದಿ ಮತ್ತು ಮರುದಿನ ಗಡಿಯಲ್ಲಿ ಹೆಚ್ಚಿದ ಪಹರೆ. ನಾನು ಅವನ ಕಣ್ಣು ಬಿಟ್ಟು ಬೇರೆಡೆ ಹೋಗಲಿಲ್ಲ.

ಕಾರವಾರದವರು ಮನೆಯಲ್ಲಿ ಕೊಂಕಣಿ ಆಡುತ್ತಾರೆ. ನಿಮ್ಮ ಪಾತ್ರಗಳು ಯಾಕೆ ಕನ್ನಡದಲ್ಲಿ ಮಾತಾಡುತ್ತವೆ?

ಎಲ್ಲವೂ ಆಡುವುದಿಲ್ಲ. ಕೋಡಿಬಾಗದ ತಾರಿಯವನು ಮತ್ತು ಬೈತಕೋಲದ ಮೀನುಗಾರರು ಆಡುವುದು ಕೊಂಕಣಿಯನ್ನೇ. ಓದುಗರಿಗಾಗಿ ಅದನ್ನು ಕನ್ನಡದಲ್ಲಿ ಕೊಟ್ಟು, ವಾಕ್ಯದ ನಡಿಗೆಯನ್ನು ಬೇರೆಯಾಗಿಸಿದ್ದೇನೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮನೆಯಲ್ಲಿ ನಾಯಕ ಕಲಿಯುವುದು ಹಾಲಕ್ಕಿಗಳ ಕನ್ನಡವನ್ನು. ಶಿರಸಿಗೆ ಹೋದ ಮೇಲೆ ಅವನು ಅದನ್ನೇ ಆಡಿದಾಗ ಮನೆಯವರು ಬೆರಗಾಗುವುದು ಇದರಿಂದಲೇ.

1942ರಲ್ಲಿ ಶಿರಸಿ ಸೀಮೆಯ ಮಡಿವಂತರ ಮನೆಯಲ್ಲಿ ಪರದೇಶದವನನ್ನು ಇಟ್ಟುಕೊಳ್ಳುತ್ತಿದ್ದರೇ? ನಮ್ಮಜ್ಜಿ ಬಾವಿಕಟ್ಟೆಗೂ ಬಿಡುತ್ತಿರಲಿಲ್ಲ.

ಕಾದಂಬರಿಯ ಅಜ್ಜಿಯೂ ಬಿಡುವುದಿಲ್ಲ. ಅವನಿಗೆ ಸಿಗುವುದು ಅಡಿಕೆ ಅಟ್ಟದ ಮೂಲೆ ಮತ್ತು ಪ್ರತ್ಯೇಕ ಬಾಳೆಲೆ; ಒಳಮನೆ ಸಿಗುವುದಿಲ್ಲ. ಆದರೂ ಆ ಮನೆ ಅವನನ್ನು ಪೊಲೀಸರಿಗೆ ಕೊಡುವುದಿಲ್ಲ. ಇದು ನಂಬಲರ್ಹವೆಂದು ನನಗೆ ಅನ್ನಿಸಲು ಕಾರಣ ನಮ್ಮ ಜಿಲ್ಲೆಯ ಚರಿತ್ರೆ. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕಿನ ರೈತರು ಜಮೀನು, ಪಾತ್ರೆಪಗಡಿ ಕಳೆದುಕೊಂಡರು. ಆ ವರ್ಷಗಳಲ್ಲೂ 1942ರಲ್ಲೂ ತಲೆಮರೆಸಿಕೊಂಡವರಿಗೆ ಅನ್ನ ಹಾಕುವುದು ಎಷ್ಟೋ ಮನೆಗಳಿಗೆ ರೂಢಿಯಾಗಿತ್ತು. ಮುಟ್ಟದೆ ದೂರವಿಡುವುದು ಮತ್ತು ಜೀವ ಒತ್ತೆಯಿಟ್ಟು ಬಚ್ಚಿಡುವುದು, ಎರಡನ್ನೂ ಒಂದೇ ಮನೆ ಮಾಡಬಲ್ಲದು. ಇವೆರಡರಲ್ಲಿ ಒಂದನ್ನು ಅಳಿಸಿದ್ದರೆ ಆ ಮನೆ ಸುಳ್ಳಾಗುತ್ತಿತ್ತು.

ಖಬರಿಯನ್ನು ನಮ್ಮೂರಿನವನನ್ನಾಗಿ ಮಾಡಿ ಕಾರವಾರಕ್ಕೆ ಕೆಟ್ಟ ಹೆಸರು ತಂದಿರಿ.

ಯುದ್ಧಕಾಲದಲ್ಲಿ ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಅಭಾವ ಬಂದಾಗ ಪೊಲೀಸರಿಗೆ ಸುದ್ದಿ ಕೊಟ್ಟು ನಾಲ್ಕು ಕಾಸು ಪಡೆದವರು ಪ್ರತಿ ಬಂದರಿನಲ್ಲೂ ಇದ್ದರು. ಅವನ ಮನೆಯ ಒಲೆಯನ್ನು ಒಂದು ಇಡೀ ಅಧ್ಯಾಯದಲ್ಲಿ ತೋರಿಸಿದ್ದೇನೆ. ದಯವಿಟ್ಟು ಅದನ್ನು ಮತ್ತೊಮ್ಮೆ ಓದಿ.

ಬರ್ಮಾದಿಂದ ನಡೆದು ಬಂದವರ ಅಧ್ಯಾಯಕ್ಕೂ ಈ ಕಥೆಗೂ ಏನು ಸಂಬಂಧ?

ನಿರಾಶ್ರಿತನೆಂದರೆ ದೂರದ ಬಿಳಿಯ ಮನುಷ್ಯ ಎಂಬ ಭಾವನೆಯೊಂದಿಗೆ ಓದುಗರು ಪುಸ್ತಕ ಮುಚ್ಚಬಾರದೆಂದು ಅದನ್ನು ಬರೆದೆ. 1941ರ ಡಿಸೆಂಬರ್ 23ರಂದು ರಂಗೂನಿನ ಮೇಲೆ ಜಪಾನೀ ಬಾಂಬು ಬಿತ್ತು, 1942ರ ಮಾರ್ಚ್‌ನಲ್ಲಿ ನಗರವೇ ಬಿದ್ದಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಭಾರತೀಯರು ಅರಾಕಾನ್, ಮಣಿಪುರ, ಹುಕಾಂಗ್ ಕಣಿವೆಯ ದಾರಿ ಹಿಡಿದರು, ಬಹುಪಾಲು ಕಾಲ್ನಡಿಗೆ. ಕಾಲರಾ, ಮಲೇರಿಯಾ, ಹಸಿವಿನಿಂದ ಸಾವಿರಾರು ಜನ ದಾರಿಯಲ್ಲೇ ಸತ್ತರು. ಓಡಿಹೋಗುವ ದಾರಿಗಳಲ್ಲೂ ಬಿಳಿಯರಿಗೆ ಒಂದು, ಕರಿಯರಿಗೆ ಒಂದು ಎಂಬ ಭೇದವಿತ್ತೆಂಬ ದೂರು ಅಂದೇ ಎದ್ದಿತ್ತು. ಕಾದಂಬರಿಯಲ್ಲಿ ರಂಗೂನಿನಿಂದ ಬಂದ ಮುದುಕ ಮತ್ತು ವಿಯೆನ್ನಾದವನು ಒಂದೇ ಧರ್ಮಛತ್ರದಲ್ಲಿ ಮಲಗುತ್ತಾರೆ. ಮುದುಕ ತಾಯ್ನಾಡಿಗೆ ಮರಳಿದವನು, ಅವನ ಬಳಿ ಯಾರೂ ಕಾಗದ ಕೇಳುವುದಿಲ್ಲ. ಆದರೆ ಅವನ ಬಳಿ ಉಟ್ಟ ಬಟ್ಟೆಯ ಹೊರತು ಏನೂ ಇಲ್ಲ. ಯಾರ ಕಷ್ಟ ದೊಡ್ಡದೆಂದು ಅಳೆಯುವ ಮಾತು ಇಬ್ಬರ ನಡುವೆ ಬರುವುದೇ ಇಲ್ಲ.

## ಇನ್ನೂ ಆಳದ ಪ್ರಶ್ನೆಗಳು

ಲಕ್ಷಾಂತರ ಜನರ ಸಂಕಟವನ್ನು ರೋಚಕ ಕಥೆ ಮಾಡುವುದು ಸರಿಯೇ?

ಇದನ್ನು ಬರೆಯುವ ಮುಂಚೆಯೂ ಬರೆಯುವಾಗಲೂ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ರೋಚಕತೆ ಸಂಕಟದಿಂದ ಹುಟ್ಟಬಾರದು, ತೀರ್ಮಾನಗಳಿಂದ ಹುಟ್ಟಬೇಕು ಎಂಬ ಗೆರೆಯನ್ನು ಎಳೆದುಕೊಂಡೆ. ಹಾಗಾಗಿ ವಿಯೆನ್ನಾದಲ್ಲಿ ಉಳಿದ ನಾಯಕನ ತಾಯಿಗೆ ಏನಾಯಿತೆಂಬುದನ್ನು ಒಂದು ಗುಟ್ಟಿನಂತೆ ಎಳೆದಾಡಿಲ್ಲ. ಎರಡನೆಯ ಅಧ್ಯಾಯದಲ್ಲೇ ನೇರವಾಗಿ ಹೇಳಿಬಿಟ್ಟಿದ್ದೇನೆ. ಓದುಗ ಪುಟ ತಿರುಗಿಸುವುದು ಗುಮಾಸ್ತ ಠಸ್ಸೆ ಒತ್ತುತ್ತಾನೋ ಇಲ್ಲವೋ, ತಾರಿಯವನು ದೋಣಿ ಬಿಡುತ್ತಾನೋ ಇಲ್ಲವೋ ಎಂದು ತಿಳಿಯಲು. ಅವರಿಬ್ಬರಿಗೂ ಬೇರೆಯದನ್ನು ಮಾಡುವ ಅವಕಾಶವಿತ್ತು, ಅದಕ್ಕಾಗಿಯೇ ಅಲ್ಲಿ ಉಸಿರು ಬಿಗಿಹಿಡಿಯುವುದು ನ್ಯಾಯ.

ಸೀಬರ್ಡ್‌ಗೆ ಊರು ಬಿಟ್ಟುಕೊಟ್ಟ ನಾವೂ ನಿರಾಶ್ರಿತರೇ. ನಮ್ಮ ಕಥೆ ಬಿಟ್ಟು ವಿಯೆನ್ನಾಕ್ಕೆ ಯಾಕೆ ಹೋದಿರಿ?

1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕದಂಬ ನೌಕಾನೆಲೆಯಾಗಿ ನಿಂತ ಆ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ನಡುವಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟವು. ಆ ನೋವು ಚಿಕ್ಕದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕಥೆಯಾಗಿ ಎರಡೂ ಬೇರೆ. ಸೀಬರ್ಡ್‌ನ ಕುಟುಂಬಗಳು ತಮ್ಮದೇ ಸರ್ಕಾರದೆದುರು ಪರಿಹಾರಕ್ಕಾಗಿ ಕೋರ್ಟಿಗೆ ಹೋಗಬಹುದು, ಮತ ಹಾಕಬಹುದು, ರಸ್ತೆ ತಡೆಯಬಹುದು. ನನ್ನ ನಾಯಕನಿಗೆ ಜಗಳವಾಡಲು ತನ್ನದೆನ್ನುವ ಸರ್ಕಾರವೇ ಇಲ್ಲ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾದವರ ಕಾದಂಬರಿಯನ್ನು ಅರಗಾ, ಬಿಣಗಾದ ಮನೆಗಳಲ್ಲಿ ಬೆಳೆದವರೇ ಬರೆಯಬೇಕು, ಅದನ್ನು ಮೊದಲು ಕೊಳ್ಳುವವರಲ್ಲಿ ನಾನಿರುತ್ತೇನೆ.

ಇದು ಇವತ್ತಿನ ರಾಜಕೀಯದ ಬಗ್ಗೆ ಹೇಳುವ ಮಾತೇ? ಮುಂಡಗೋಡಿನ ಟಿಬೆಟನ್ನರನ್ನು ಮನಸ್ಸಿನಲ್ಲಿಟ್ಟು ಬರೆದಿರಾ?

ಮುಂಡಗೋಡು ಮನಸ್ಸಿನಲ್ಲಿತ್ತು, ಆದರೆ ಪ್ರತಿವಾದವಾಗಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ ಬಂದ ಟಿಬೆಟನ್ನರಿಗೆ 1966ರಲ್ಲಿ ನಮ್ಮ ಜಿಲ್ಲೆಯಲ್ಲೇ ನೆಲ ಸಿಕ್ಕಿತು; ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅಲ್ಲಿ ಮತ್ತೆ ಎದ್ದವು. ಒಂದು ಜಿಲ್ಲೆ ಪರರಿಗೆ ಜಾಗ ಮಾಡಿಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅದು ನಡೆದದ್ದು ಸರ್ಕಾರದ ನಿರ್ಧಾರದಿಂದ, ಕಾನೂನಿನ ಹಕ್ಕಿನಿಂದಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ 1967ರ ಅದರ ಪೂರಕ ಒಡಂಬಡಿಕೆಗಾಗಲಿ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. 2025ರ ಹೊಸ ಕಾಯಿದೆ ಬರುವ ತನಕ ಜಾರಿಯಲ್ಲಿದ್ದದ್ದು 1946ರ ವಿದೇಶಿಯರ ಕಾಯಿದೆ. ಅದರ ಪ್ರಕಾರ ತಾನು ವಿದೇಶಿಯಲ್ಲವೆಂದು ರುಜುವಾತು ಮಾಡುವ ಹೊಣೆ ಆ ವ್ಯಕ್ತಿಯದೇ ಆಗಿತ್ತು. ಕಾಗದ ಕಳೆದುಕೊಂಡವನ ಬಳಿಯೇ ಕಾಗದ ಕೇಳುವ ಈ ಪದ್ಧತಿ 1942ರ ನನ್ನ ಇನ್ಸ್‌ಪೆಕ್ಟರ್ ಕಂಡುಹಿಡಿದದ್ದಲ್ಲ, ಅವನೊಂದಿಗೆ ಮುಗಿದದ್ದೂ ಅಲ್ಲ. ಇವತ್ತಿನ ಯಾವ ಪಕ್ಷವನ್ನೂ ಬೆರಳು ಮಾಡಿ ತೋರಿಸಿಲ್ಲ. ಇವತ್ತಿನ ಯಾವ ಓದುಗರನ್ನೂ ಹೊರಗೆ ಬಿಟ್ಟಿಲ್ಲ.

ಕೊನೆಗೆ ಅವನು ಗೋವಾ ತಲುಪಿದನೇ? ಮಾಜಾಳಿಯಲ್ಲಿ ಹೀಗೆ ನಿಲ್ಲಿಸಿಬಿಟ್ಟರೆ ಹೇಗೆ?

ಪುಸ್ತಕ ಮುಗಿಯುವುದು 1943ರ ಅಕ್ಟೋಬರ್ ಆರಂಭದಲ್ಲಿ. ಅದೇ ತಿಂಗಳು ಮಾರ್ಮಗೋವಾದಲ್ಲಿ ಟೇಯಾ ಮಾರು ಮತ್ತು ಗ್ರಿಪ್ಸ್‌ಹೋಮ್ ಹಡಗುಗಳು ಅಕ್ಕಪಕ್ಕ ನಿಂತು, ಜಪಾನಿನ ವಶದಲ್ಲಿದ್ದ ಸುಮಾರು 1,500 ಅಮೆರಿಕನ್ ಮತ್ತಿತರ ನಾಗರಿಕರನ್ನೂ ಅಷ್ಟೇ ಸಂಖ್ಯೆಯ ಜಪಾನೀಯರನ್ನೂ ಅದಲು ಬದಲು ಮಾಡಿಕೊಂಡವು. ಮಾಜಾಳಿಯ ರಾತ್ರಿಯಲ್ಲಿ ನಾಯಕ ಹೊರಟಿರುವುದು ಈ ಗದ್ದಲದ ನಡುವೆ ಹೇಗಾದರೂ ಒಂದು ಹಡಗು ಹತ್ತಬಹುದೆಂಬ ಆಸೆಯಿಂದ. ಎರಡೂ ಸರ್ಕಾರಗಳು ಹೆಸರು ಹೆಸರಾಗಿ ಪಟ್ಟಿ ಮಾಡಿಕೊಂಡು ಬಂದಿರುವ ಆ ವಿನಿಮಯದಲ್ಲಿ ಯಾವ ದೇಶವೂ ತನ್ನವನೆನ್ನದ ಒಬ್ಬನಿಗೆ ಜಾಗ ಇರಲಾರದು ಎಂಬುದು ಅವನಿಗೆ ತಿಳಿಯದು, ಓದುಗರಿಗೆ ತಿಳಿದಿದೆ. ಗಡಿ ದಾಟಿದರೂ ಅವನ ಕಷ್ಟ ಮುಗಿಯುವುದಿಲ್ಲವಾದ್ದರಿಂದ, ದಾಟಿದನೆಂದು ಬರೆದು ಸಮಾಧಾನ ಕೊಡುವುದು ನನಗೆ ಸರಿಯೆನ್ನಿಸಲಿಲ್ಲ. ಸತ್ತನೆಂದು ಬರೆದರೆ ಅವನ ಎಲ್ಲ ಲೆಕ್ಕಾಚಾರವನ್ನೂ ನಾನೇ ವ್ಯರ್ಥ ಮಾಡಿದಂತಾಗುತ್ತಿತ್ತು. ಎರಡನೆಯ ಮುದ್ರಣದಲ್ಲಿ ಒಂದು ಅಧ್ಯಾಯ ಸೇರಿಸಿರೆಂದು ಕೇಳಿದವರಿಗೆ ಇದೇ ಉತ್ತರ: ಸೇರಿಸುವುದಿಲ್ಲ, ಎರಡನೆಯ ಭಾಗವನ್ನೂ ಬರೆಯುವುದಿಲ್ಲ.